ಪೆನ್ ಚೀಲದಲ್ಲೇ ಇದ್ದ ಇಪ್ಪತ್ತೈದು ನಿಮಿಷ

ಮಗಳಿಗೆ ಗೋಡಂಬಿ ಒಗ್ಗುವುದಿಲ್ಲವೆಂಬುದು ಅವಳಿಗೆ ಮೂರು ವರ್ಷವಿದ್ದಾಗಲೇ ಗೊತ್ತಾಗಿತ್ತು. ಆಗ ತುಟಿ ಊದಿಕೊಂಡು, ಹೊಟ್ಟೆ ಬೆನ್ನಿನ ಮೇಲೆಲ್ಲ ಗಂಧೆಗಳೆದ್ದು, ಒಂದೆರಡು ಗಂಟೆಯಲ್ಲಿ ತಾವಾಗಿ ಇಳಿದುಹೋಗಿದ್ದವು. ಅಲರ್ಜಿ ತಜ್ಞರು ಪರೀಕ್ಷೆ ಮಾಡಿಸಿ, ಮುಂದಿನ ಸಲವೂ ಇಷ್ಟಕ್ಕೇ ನಿಲ್ಲುತ್ತದೆಂದು ನಂಬಿ ಕೂರುವಂತಿಲ್ಲ ಎಂದು ಎಚ್ಚರಿಸಿ, ತೊಡೆಗೆ ಒತ್ತಿದರೆ ತಾನೇ ಔಷಧ ಚುಚ್ಚುವ ಎರಡು ಅಡ್ರಿನಲಿನ್ ಪೆನ್ನುಗಳನ್ನು ಬರೆದುಕೊಟ್ಟಿದ್ದರು. ಹಾಗಾಗಿ, ಅವಳಿಗೆ ಆರು ವರ್ಷವಾಗಿದ್ದಾಗ, ಒಂದು ಹುಟ್ಟುಹಬ್ಬದ ಕೂಟದಲ್ಲಿ ಗೋಡಂಬಿ ಪುಡಿ ಬೆರೆತ ಬಿಸ್ಕತ್ತನ್ನು ಅವಳು ಅರ್ಧ ತಿಂದ ದಿನ ನನ್ನ ಬಳಿ ಔಷಧವಿರಲಿಲ್ಲವೆಂದು ನೆಪ ಹೇಳುವಂತಿಲ್ಲ. ಭುಜಕ್ಕೆ ನೇತುಹಾಕಿಕೊಂಡಿದ್ದ ಚೀಲದಲ್ಲೇ ಎರಡೂ ಪೆನ್ನುಗಳಿದ್ದವು. ಆದರೂ ಇಪ್ಪತ್ತೈದು ನಿಮಿಷ ನಾನು ಅವನ್ನು ಹೊರಗೆ ತೆಗೆಯಲಿಲ್ಲ.

ಮೊದಲು ಅವಳು ನಾಲಿಗೆ ತುರಿಸುತ್ತಿದೆ ಎಂದಳು. ಐದು ನಿಮಿಷದಲ್ಲಿ ಕುತ್ತಿಗೆಯ ಮೇಲೆ ಗಂಧೆ ಎದ್ದವು. ಆಂಟಿಹಿಸ್ಟಮಿನ್ ಸಿರಪ್ ಕುಡಿಸಿದೆ. ಅದನ್ನು ಅವಳು ತಕ್ಷಣವೇ ವಾಂತಿ ಮಾಡಿಕೊಂಡಳು. ಮತ್ತೊಮ್ಮೆ ಕುಡಿಸಿದೆ. ಆಮೇಲೆ ಒಂದು ಒಣ ಕೆಮ್ಮು ಶುರುವಾಯಿತು, ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ಕೆಮ್ಮುವ ಹಾಗೆ, ಎರಡೆರಡು ಬಾರಿ. ಮತ್ತೆ ವಾಂತಿಯಾಯಿತು. ಅಷ್ಟು ಹೊತ್ತೂ ನಾನು ಮಾಡುತ್ತಿದ್ದುದು ಒಂದೇ ಕೆಲಸ: ಅವಳ ಮುಖ ನೋಡುತ್ತ, ಸಿರಪ್ಪು ಇನ್ನೇನು ಹಿಡಿಯುತ್ತದೆ ಎಂದು ಕಾಯುವುದು. ಸುತ್ತಲಿದ್ದವರು ನೀರು ಕುಡಿಸಿ, ಗಾಳಿ ಬಿಡಿ, ಬೆನ್ನು ಸವರಿ ಎಂದು ತಮಗೆ ತೋಚಿದ್ದನ್ನು ಹೇಳುತ್ತಿದ್ದರು.

ನಾನೇಕೆ ಕಾದೆನೆಂದು ಆಮೇಲೆ ಹಲವು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸೂಜಿಯ ಭಯವಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಬೇರೆಯೇ ಇತ್ತು: ಪೆನ್ ಎಂದರೆ ಕಟ್ಟಕಡೆಯ ಅಸ್ತ್ರ, ಮಗು ನೆಲಕ್ಕೆ ಬಿದ್ದಾಗ ಮಾತ್ರ ಬಳಸುವಂಥದ್ದು ಎಂದು ಯಾರೂ ಹೇಳದೆಯೇ ನಾನು ತಿಳಿದುಕೊಂಡುಬಿಟ್ಟಿದ್ದೆ. ಸುಮ್ಮನೆ ಚುಚ್ಚಿಬಿಟ್ಟರೆ ಪುಟ್ಟ ಹೃದಯಕ್ಕೆ ಏನಾದೀತೋ ಎಂಬ ಅಳುಕೂ ಇತ್ತು. ಜನರೆದುರು ರಂಪ ಮಾಡಿದಂತಾದೀತು ಎಂಬ ಸಂಕೋಚವೂ ಇತ್ತೆಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಇತ್ತು.

ಕೊನೆಗೆ ಅವಳನ್ನು ಹೆಗಲಿಗೆ ಹಾಕಿಕೊಂಡು ಕಾರಿಗೆ ಓಡಿದೆ. (ಅದೂ ತಪ್ಪೇ, ಅದರ ಮಾತು ಮುಂದೆ ಬರುತ್ತದೆ.) ತುರ್ತು ಚಿಕಿತ್ಸಾ ಘಟಕದಲ್ಲಿದ್ದ ಯುವ ವೈದ್ಯೆ ಅವಳನ್ನು ನೋಡಿದ್ದೇ ತಡ, ಒಂದು ಮಾತೂ ಕೇಳದೆ ತೊಡೆಗೆ ಅಡ್ರಿನಲಿನ್ ಕೊಟ್ಟರು. ಐದಾರು ನಿಮಿಷದಲ್ಲಿ ಕೆಮ್ಮು ನಿಂತಿತು. ಹತ್ತನೆಯ ನಿಮಿಷಕ್ಕೆ ತುಟಿಗೆ ಬಣ್ಣ ಬಂತು. ಆಮೇಲೆ ಅವರು ನನ್ನ ಕಡೆ ತಿರುಗಿ, “ಇವಳಿಗೆ ಪೆನ್ ಬರೆದುಕೊಟ್ಟಿಲ್ಲವೇ?” ಎಂದು ಕೇಳಿದರು. ನಾನು ಚೀಲದ ಜಿಪ್ ತೆಗೆದು ತೋರಿಸಿದೆ. ಅವರು ಬೈಯಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತು, ದೇಹದೊಳಗೆ ಏನಾಗುತ್ತಿತ್ತೆಂಬುದನ್ನು ಸಾವಧಾನವಾಗಿ ವಿವರಿಸಿದರು.

ಅಲರ್ಜಿಯಿರುವ ಮಗುವಿನ ಚರ್ಮ, ಶ್ವಾಸನಾಳ, ಕರುಳು ಮತ್ತು ರಕ್ತನಾಳಗಳ ಸುತ್ತಮುತ್ತ ಮಾಸ್ಟ್ ಕೋಶಗಳೆಂಬ ಜೀವಕೋಶಗಳು, ಒಗ್ಗದ ಪದಾರ್ಥವನ್ನು ಗುರುತಿಸುವ ಐಜಿಇ ಎಂಬ ಪ್ರತಿಕಾಯಗಳನ್ನು ಹೊತ್ತು ಕಾದಿರುತ್ತವೆ. ಒಗ್ಗದ ಪದಾರ್ಥ ಬಂದು ಆ ಪ್ರತಿಕಾಯಗಳಿಗೆ ಅಂಟಿಕೊಂಡೊಡನೆ ಅವು ತಮ್ಮೊಳಗಿನ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನೆಲ್ಲ ಒಮ್ಮೆಗೇ ಹೊರಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ, ಅದರಿಂದ ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದುತ್ತದೆ, ಶ್ವಾಸನಾಳಗಳು ಬಿಗಿದುಕೊಳ್ಳುತ್ತವೆ. ಆಂಟಿಹಿಸ್ಟಮಿನ್ ಸಿರಪ್ ತುರಿಕೆಯನ್ನು, ಗಂಧೆಯನ್ನು ಇಳಿಸಬಲ್ಲದು, ಅದೂ ಅರ್ಧ ಗಂಟೆಯೋ ಹೆಚ್ಚೋ ತೆಗೆದುಕೊಂಡು. ಬಿಗಿದ ಶ್ವಾಸನಾಳವನ್ನು ಬಿಡಿಸಲು ಅಥವಾ ಕುಸಿದ ರಕ್ತದೊತ್ತಡವನ್ನು ಎತ್ತಲು ಅದರಿಂದಾಗದು. ಅಡ್ರಿನಲಿನ್ ಈ ಎಲ್ಲ ಕೆಲಸಗಳನ್ನೂ ಒಟ್ಟಿಗೆ ಮಾಡುತ್ತದೆ: ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಶ್ವಾಸನಾಳಗಳನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಚೆಲ್ಲದಂತೆಯೂ ತಡೆಯುತ್ತದೆ. ಸಿರಪ್ಪಿನಿಂದ ಗಂಧೆ ಇಳಿಯುವುದನ್ನು ನೋಡಿ ಮಗು ಸುಧಾರಿಸುತ್ತಿದೆ ಎಂದುಕೊಳ್ಳುವ ಹೊತ್ತಿಗೇ ಒಳಗೆ ಉಸಿರಾಟ ಕೆಡುತ್ತಿರಬಹುದು.

ಇದನ್ನೆಲ್ಲ ಕೇಳಿ ಬಂದ ಮೇಲೆ ಓದುವ ಚಟ ಹತ್ತಿತು. ಇಡೀ ದೇಹವನ್ನೇ ಹಿಡಿಯುವ ಇಂಥ ತೀವ್ರ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಎಂಬ ಹೆಸರನ್ನು ಇಟ್ಟವರು ಫ್ರಾನ್ಸಿನ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ, 1902ರಲ್ಲಿ. ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು, ಅವುಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಬರುತ್ತದೆಯೇ ಎಂದು ನೋಡಲು ಹೊರಟವರಿಗೆ ಕಂಡದ್ದು ತದ್ವಿರುದ್ಧ: ಮೊದಲ ಡೋಸನ್ನು ತಾಳಿಕೊಂಡಿದ್ದ ನಾಯಿ, ಮೂರು ವಾರಗಳ ನಂತರ ಎರಡನೆಯ ಸಣ್ಣ ಡೋಸಿಗೆ ಏದುಸಿರು ಬಿಟ್ಟು, ವಾಂತಿ ಮಾಡಿಕೊಂಡು ಸತ್ತಿತು. ಅದಕ್ಕೆ ಹಿಡಿದ ಸಮಯ ಇಪ್ಪತ್ತೈದು ನಿಮಿಷವೆಂದು ರಿಶೆಯೇ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಹೇಳಿದ್ದಾರೆ. ಅವರಿಗೆ 1913ರಲ್ಲಿ ಆ ಬಹುಮಾನ ಬಂತು. ಆ ಅಂಕಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಡ್ರಿನಲಿನ್ನನ್ನು ಜಪಾನ್ ಮೂಲದ ಜೋಕಿಚಿ ತಕಮಿನೆ ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು ಅದೇ ಕಾಲದ ಸುಮಾರಿಗೆ, 1901ರ ಆಸುಪಾಸಿನಲ್ಲಿ. ಅಂದರೆ ಕಾಯಿಲೆಗೆ ಹೆಸರು ಬರುವಷ್ಟರಲ್ಲಿ ಅದರ ಔಷಧವೂ ಸಿಕ್ಕಿತ್ತು. ಆದರೆ ಸಾಮಾನ್ಯ ಮನುಷ್ಯ ಅದನ್ನು ತಾನೇ ಚುಚ್ಚಿಕೊಳ್ಳಬಲ್ಲ ಪೆನ್ನಿಗಾಗಿ ಇನ್ನೂ ಎಷ್ಟೋ ದಶಕ ಕಾಯಬೇಕಾಯಿತು. ವಿಷಾನಿಲದ ದಾಳಿಗೆ ಸಿಕ್ಕ ಸೈನಿಕರು ಪ್ರತಿವಿಷವನ್ನು ತಾವೇ ಚುಚ್ಚಿಕೊಳ್ಳಲೆಂದು 1970ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಶೆಲ್ಡನ್ ಕಪ್ಲನ್ ರೂಪಿಸಿದ ಸಾಧನವೇ ಅಲರ್ಜಿಯ ಪೆನ್ನಿಗೆ ಮೂಲವಾಯಿತು. ಎಪಿಪೆನ್ ಎಂಬ ಹೆಸರಿನ ಆ ಪೆನ್ನಿಗೆ ಅಲ್ಲಿ ಅನುಮೋದನೆ ಸಿಕ್ಕಿದ್ದು 1987ರಲ್ಲಿ.

ಇನ್ನು ಯಾವಾಗ ಚುಚ್ಚಬೇಕೆಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಕಷ್ಟವಿರುವುದು ಇಲ್ಲಿಯೇ, ಚುಚ್ಚುವುದರಲ್ಲಿ ಅಲ್ಲ. ಒಗ್ಗದ ಪದಾರ್ಥವನ್ನು ಮಗು ತಿಂದ ಬಳಿಕ ಉಸಿರಾಟದಲ್ಲಿ ತೊಂದರೆ, ಬಿಡದ ಕೆಮ್ಮು, ಉಬ್ಬಸ, ಗಂಟಲು ಬಿಗಿಯುವುದು, ಧ್ವನಿ ಒಡೆಯುವುದು, ನಾಲಿಗೆ ಊದುವುದು, ತಲೆಸುತ್ತು, ಕುಸಿದುಬೀಳುವುದು ಇವುಗಳಲ್ಲಿ ಯಾವುದೊಂದು ಕಂಡರೂ ಪೆನ್ ತೆಗೆಯಬೇಕು. ದೇಹದ ಎರಡು ಭಾಗಗಳು ಒಟ್ಟಿಗೆ ಕೆಟ್ಟರೂ, ಉದಾಹರಣೆಗೆ ಮೈತುಂಬ ಗಂಧೆಯ ಜೊತೆಗೆ ಮೇಲಿಂದ ಮೇಲೆ ವಾಂತಿಯಾದರೂ, ಅದು ಅನಾಫಿಲ್ಯಾಕ್ಸಿಸ್ಸೇ. ನನ್ನ ಮಗಳಲ್ಲಿ ಮೊದಲ ವಾಂತಿಗೆ ಅನುಮಾನ ಬರಬೇಕಿತ್ತು. ಕೆಮ್ಮು ಶುರುವಾದ ಮೇಲಂತೂ ಯೋಚಿಸಲು ಏನೂ ಉಳಿದಿರಲಿಲ್ಲ. ಚರ್ಮದ ಮೇಲೆ ಏನೂ ಕಾಣುತ್ತಿಲ್ಲವೆಂದು ಸುಮ್ಮನಿರುವಂತೆಯೂ ಇಲ್ಲ, ಏಕೆಂದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಪ್ರಕರಣಗಳಲ್ಲಿ ಗಂಧೆಯಾಗಲಿ ಊತವಾಗಲಿ ಇರುವುದೇ ಇಲ್ಲ. ಮಾತು ಬಾರದ ಕೂಸುಗಳಲ್ಲಿ ಗುರುತಿಸುವುದು ಇನ್ನೂ ಕಷ್ಟ: ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗಿ ತೂಕಡಿಸುವುದು, ಬಿಳಿಚಿಕೊಂಡು ಕೈಕಾಲು ಜೋಲುಬಿಡುವುದು, ಸಮಾಧಾನವೇ ಆಗದಂತೆ ಅಳುವುದು, ಜೊಲ್ಲು ಸುರಿಸುವುದು ಇವೇ ಅಲ್ಲಿ ಸೂಚನೆಗಳು. ಉಬ್ಬಸದ ಕಾಯಿಲೆಯಿರುವ ಮಗುವಿಗೆ ಇದು ಅಲರ್ಜಿಯೋ ಉಬ್ಬಸವೋ ಎಂಬ ಗೊಂದಲವಾದರೆ ಮೊದಲು ಪೆನ್, ಆಮೇಲೆ ಇನ್‌ಹೇಲರ್.

ಅನುಮಾನವಿದ್ದರೆ ಚುಚ್ಚಿಬಿಡಿ ಎಂದು ಆ ವೈದ್ಯೆ ಹೇಳಿದ್ದರು. ಬೇಡವಾದಾಗ ಕೊಟ್ಟ ಒಂದು ಡೋಸಿನಿಂದ ಮಗುವಿಗೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ತಲೆ ನೋಯಬಹುದು. ಕೆಲವು ನಿಮಿಷಗಳಲ್ಲಿ ಅದೆಲ್ಲ ಇಳಿಯುತ್ತದೆ. ಬೇಕಾದಾಗ ಕೊಡದಿದ್ದರೆ ಏನಾಗುತ್ತದೆಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಪ್ರಾಣ ಹೋದ ಪ್ರಕರಣಗಳನ್ನು ಪರಿಶೀಲಿಸಿದ ಬ್ರಿಟಿಷ್ ಅಧ್ಯಯನವೊಂದರಲ್ಲಿ, ಆಹಾರದ ಅಲರ್ಜಿಯಾದಾಗ ಉಸಿರಾಟ ಅಥವಾ ಹೃದಯ ನಿಲ್ಲಲು ಸುಮಾರು 30 ನಿಮಿಷ, ಜೇನು ಕಣಜಗಳು ಕಚ್ಚಿದಾಗ 15 ನಿಮಿಷ ಹಿಡಿದಿತ್ತೆಂದು ಆಮೇಲೆ ನಾನೇ ಓದಿ ತಿಳಿದೆ.

ಎರಡನೆಯ ಸಲ ಬಂದದ್ದು ಒಂದೂವರೆ ವರ್ಷದ ನಂತರ, ನೆಂಟರ ಮನೆಯಲ್ಲಿ. ಒಂದೇ ಚಮಚವನ್ನು ಎರಡು ಐಸ್‌ಕ್ರೀಮ್ ಡಬ್ಬಿಗಳಿಗೂ ಅದ್ದಿದ್ದರು, ಅಷ್ಟು ಸಾಕಾಯಿತು. ಈ ಸಲ ಅವಳೇ ಬಂದು, “ಅಪ್ಪಾ, ಗಂಟಲು ಒಂಥರಾ ಆಗ್ತಿದೆ” ಎಂದಳು. ಮಾತು ಮುಗಿಯುವಷ್ಟರಲ್ಲಿ ಧ್ವನಿ ಗೊಗ್ಗರಾಗಿತ್ತು. ಅಲ್ಲೇ ಹಾಸಿದ್ದ ಜಮಖಾನೆಯ ಮೇಲೆ ಮಲಗಿಸಿದೆ. ಹೆಂಡತಿ ಆಂಬುಲೆನ್ಸಿಗೆ ಫೋನು ಮಾಡಿ, ನಾವು ಮೊದಲೇ ಮಾತಾಡಿಕೊಂಡಿದ್ದಂತೆ “ಅನಾಫಿಲ್ಯಾಕ್ಸಿಸ್” ಎಂಬ ಪದವನ್ನೇ ಹೇಳಿದಳು. ಬರೀ ಅಲರ್ಜಿ ಎಂದರೆ ಕೇಳುವವರಿಗೆ ತುರ್ತು ತಿಳಿಯುವುದಿಲ್ಲ. ನಾನು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದೆ, ಹೆಬ್ಬೆರಳನ್ನು ಯಾವ ತುದಿಯ ಮೇಲೂ ಇಡದೆ. ನೀಲಿ ಮುಚ್ಚಳವನ್ನು ನೇರಕ್ಕೆ ಎಳೆದು ತೆಗೆದೆ. ಎಡಗೈಯಲ್ಲಿ ಅವಳ ಕಾಲನ್ನು ಮಂಡಿಯ ಮೇಲೆ ಗಟ್ಟಿಯಾಗಿ ಒತ್ತಿಹಿಡಿದೆ. ಮಕ್ಕಳ ವಿಷಯದಲ್ಲಿ ಇದು ಬಹಳ ಮುಖ್ಯ, ಏಕೆಂದರೆ ಸೂಜಿ ಒಳಗಿರುವಾಗ ಮಗು ಕಾಲು ಒದ್ದರೆ ಚರ್ಮ ಸೀಳಿಹೋಗುತ್ತದೆ, ಸೂಜಿಯೂ ಬಾಗುತ್ತದೆ. ಪ್ಯಾಂಟಿನ ಜೇಬಿನಲ್ಲಿ ಏನೂ ಇಲ್ಲವೆಂದು ಕೈಯಾಡಿಸಿ, ತೊಡೆಯ ನಡುಭಾಗದ ಹೊರಬದಿಗೆ ಕಿತ್ತಳೆ ಬಣ್ಣದ ತುದಿಯನ್ನು ಬಟ್ಟೆಯ ಮೇಲಿಂದಲೇ ಒತ್ತಿದೆ. ಟಕ್ ಎಂಬ ಸದ್ದು ಬಂತು. ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸಿ ನೇರವಾಗಿ ಹೊರತೆಗೆದೆ. ಅವಳು ಚೀರಿದಳು. ಹೆಂಡತಿ ಗಡಿಯಾರ ನೋಡಿ ಸಮಯ ಬರೆದುಕೊಂಡಳು.

ತೊಡೆಯ ಆ ಜಾಗವೇ ಏಕೆಂದರೆ, ಅಲ್ಲಿನ ದಪ್ಪ ಸ್ನಾಯುವಿನಲ್ಲಿ ರಕ್ತ ಸಂಚಾರ ಹೆಚ್ಚು. ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ಸರಾಸರಿ 8 ನಿಮಿಷದಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಿದರೆ, ಚರ್ಮದ ಕೆಳಗೆ ಕೊಟ್ಟದ್ದಕ್ಕೆ 34 ನಿಮಿಷ ಬೇಕಾಗಿತ್ತು. ಎಣಿಕೆಯ ಮಾತಿಗೆ ಬಂದರೆ, ಅದು ಪೆನ್ನಿನಿಂದ ಪೆನ್ನಿಗೆ ಬೇರೆ: ಎಪಿಪೆನ್ನಿಗೆ 3 ಸೆಕೆಂಡು, ಜೆಕ್ಸ್ಟ್‌ಗೆ 10. ಅನಾಪೆನ್ನಿನಲ್ಲಿ ತೊಡೆಗಿಟ್ಟು ಗುಂಡಿ ಒತ್ತಬೇಕು. ನಿಮ್ಮ ಮನೆಯಲ್ಲಿರುವ ಪೆನ್ನಿನ ಕ್ರಮವನ್ನು ಮಾತ್ರ ಕಲಿಯಿರಿ. ಎಲ್ಲವನ್ನೂ ಕಲಿಯಲು ಹೋದರೆ ಗಾಬರಿಯ ಹೊತ್ತಿನಲ್ಲಿ ಒಂದೂ ನೆನಪಿರುವುದಿಲ್ಲ.

ಚುಚ್ಚಿದ ಮೇಲೆ ಪೆನ್ನಿನ ಕಿಂಡಿಯತ್ತ ನೋಡಿದಾಗ ನನ್ನ ಎದೆ ಧಸಕ್ಕೆಂದಿತು, ಏಕೆಂದರೆ ದ್ರವದ ಬಹುಪಾಲು ಒಳಗೇ ಉಳಿದಂತಿತ್ತು. ಔಷಧ ಹೋಗಿಯೇ ಇಲ್ಲವೆಂದು ಒಂದು ಕ್ಷಣ ಅನ್ನಿಸಿತು. ಆದರೆ ಅದರ ರಚನೆಯೇ ಹಾಗೆ: ಒಳಗಿರುವುದು 2 ಮಿಲಿಲೀಟರ್, ಹೊರಬರುವುದು 0.3 ಮಿಲಿಲೀಟರ್ ಮಾತ್ರ, ಉಳಿದ 1.7 ಬಳಕೆಗೆ ಬರುವುದಿಲ್ಲ. ಕಿತ್ತಳೆ ತುದಿ ಉದ್ದವಾಗಿ ಚಾಚಿ ಸೂಜಿಯನ್ನು ಮುಚ್ಚಿದ್ದರೆ ಡೋಸ್ ಹೋಗಿದೆಯೆಂದೇ ಅರ್ಥ. ಈ ಒಂದು ಸಂಗತಿಯನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ಕ್ಷಣದ ಜೀವಭಯ ತಪ್ಪುತ್ತಿತ್ತು.

ಆಮೇಲಿನದು ಮಲಗಿಸಿಡುವ ಕೆಲಸ, ಮೊದಲ ಸಲ ನಾನು ಕೆಡಿಸಿದ್ದು ಇದನ್ನೇ. ರಕ್ತದೊತ್ತಡ ಕುಸಿಯುತ್ತಿರುವ ಮಗುವನ್ನು ನಿಲ್ಲಿಸಿದರೆ, ನಡೆಸಿದರೆ, ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡರೆ ರಕ್ತ ಕಾಲಿಗೆ ಇಳಿದು ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಹಾಗೆ ಎದ್ದು ಕೂತ ಅಥವಾ ನಿಂತ ಕೂಡಲೇ ಪ್ರಾಣ ಹೋದ ಉದಾಹರಣೆಗಳಿವೆ. ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಡಲು ಕಷ್ಟವಾದರೆ ಕಾಲು ಚಾಚಿ ಕೂರಲು ಬಿಡಬಹುದು. ವಾಂತಿಯಾಗುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಹೊರಳಿಸಬೇಕು. ಕೂಸಾದರೆ ತೋಳಿನಲ್ಲಿ ಅಡ್ಡಲಾಗಿಯೇ ಹಿಡಿಯಬೇಕು. ಚೆನ್ನಾಗಿದ್ದೇನೆ, ಶೌಚಕ್ಕೆ ಹೋಗಬೇಕು ಎಂದು ಮಗು ಹಟ ಮಾಡಿದರೂ ಏಳಗೊಡಬಾರದು. ನನ್ನ ಮಗಳು ಹಟ ಮಾಡಿದಳು. ಜಮಖಾನೆ ಹೋದರೆ ಹೋಯಿತು ಎಂದೆವು.

ಐದು ನಿಮಿಷವಾದರೂ ಸುಧಾರಿಸದಿದ್ದರೆ ಎರಡನೆಯ ಪೆನ್. ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಬೇಕಾಗುತ್ತದೆ, ಎರಡನ್ನು ಬರೆದುಕೊಡುವುದೂ ಅದಕ್ಕಾಗಿಯೇ. ನಮಗೆ ಬೇಕಾಗಲಿಲ್ಲ. ಆದರೂ ಆಸ್ಪತ್ರೆಯಲ್ಲಿ ಹಲವು ಗಂಟೆ ಉಳಿಸಿಕೊಂಡರು, ಏಕೆಂದರೆ ಪೆನ್ನಿನ ಪರಿಣಾಮ ಅಲ್ಪಕಾಲದ್ದು, ಮತ್ತು ಕೆಲವು ಮಕ್ಕಳಲ್ಲಿ ಎಲ್ಲ ಇಳಿದ ಮೇಲೆ, ಗಂಟೆಗಳು ಕಳೆದು, ಹೊಸದಾಗಿ ಏನೂ ತಿನ್ನದಿದ್ದರೂ ಎರಡನೆಯ ಅಲೆ ಬರುತ್ತದೆ.

ಪೆನ್ನನ್ನು ಕಾಪಾಡುವುದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಫ್ರಿಜ್ಜಿನಲ್ಲಿಡಬಾರದು, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬಾರದು, 20ರಿಂದ 25 ಡಿಗ್ರಿಯ ಒಳಗಿದ್ದರೆ ಒಳ್ಳೆಯದು. ತಿಂಗಳಿಗೊಮ್ಮೆ ಕಿಂಡಿಯಲ್ಲಿ ನೋಡಬೇಕು. ದ್ರವ ತಿಳಿಯಾಗಿರಬೇಕು, ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಚೂರುಗಳು ತೇಲುತ್ತಿದ್ದರೆ ಬದಲಿಸಬೇಕು. ಅವಧಿ ಬೇಗ ಮುಗಿಯುತ್ತದೆ, ಕೈಗೆ ಬಂದಾಗ ಹಲವು ಬಾರಿ ಒಂದು ವರ್ಷವಷ್ಟೇ ಉಳಿದಿರುತ್ತದೆ. ತುರ್ತಿನಲ್ಲಿ ಅವಧಿ ಮೀರಿದ್ದು ಮಾತ್ರ ಸಿಕ್ಕಿದರೆ, ದ್ರವ ತಿಳಿಯಾಗಿದ್ದಲ್ಲಿ ಅದನ್ನೇ ಬಳಸುವುದು ಏನೂ ಕೊಡದಿರುವುದಕ್ಕಿಂತ ಮೇಲು. ನಾವು ಅವಧಿ ಮುಗಿದವನ್ನು ಎಸೆಯುವ ಮುನ್ನ ಒಂದು ಕಿತ್ತಳೆ ಹಣ್ಣಿಗೆ ಚುಚ್ಚುತ್ತೇವೆ. ಸೂಜಿಯಿಲ್ಲದ ತರಬೇತಿ ಪೆನ್ನು ಕೈಗೆ ಅಭ್ಯಾಸ ಕೊಡುತ್ತದೆ, ಆದರೆ ನಿಜವಾದ ಸ್ಪ್ರಿಂಗಿನ ಏಟು ಎಷ್ಟು ಜೋರಿರುತ್ತದೆಂಬುದು ತಿಳಿಯುವುದು ಹಣ್ಣಿನಲ್ಲೇ. ಅಜ್ಜಿಗೆ ಮೊದಲ ಸಲ ಆ ಏಟಿಗೆ ಹಣ್ಣು ಕೈಜಾರಿ ಉರುಳಿಹೋಯಿತು. ಈಗ ಆಕೆ ನಮ್ಮೆಲ್ಲರಿಗಿಂತ ಚುರುಕು. ಹೆಬ್ಬೆರಳಿನ ಪಾಠವನ್ನು ಮಾತ್ರ ಎಲ್ಲರಿಗೂ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ತಿರುಗುಮುರುಗಾಗಿ ಹಿಡಿದು ತಮ್ಮ ಬೆರಳಿಗೇ ಚುಚ್ಚಿಕೊಂಡವರು ಕಡಿಮೆಯೇನಿಲ್ಲ. ಹಾಗಾದಾಗ ಮಗುವಿಗೆ ಡೋಸ್ ಹೋಗುವುದಿಲ್ಲ, ರಕ್ತ ಸಂಚಾರ ತಗ್ಗಿದ ಬೆರಳನ್ನು ವೈದ್ಯರಿಗೆ ತೋರಿಸುವ ಕೆಲಸ ಬೇರೆ.

ಶಾಲೆಯಲ್ಲಿ ನಮ್ಮ ಜಗಳ ಬೀಗದ ವಿಷಯಕ್ಕೆ. ಔಷಧಗಳೆಲ್ಲ ಬೀರುವಿನೊಳಗೆ, ಬೀಗದ ಕೈ ಕಚೇರಿಯಲ್ಲಿ ಎಂಬುದು ಅವರ ನಿಯಮವಾಗಿತ್ತು. ಬೀಗ ಹಾಕಿದ ಪೆನ್ನೂ ಇಲ್ಲದ ಪೆನ್ನೂ ಒಂದೇ ಎಂದು ಎರಡು ತಿಂಗಳು ವಾದಿಸಿದೆವು. ಈಗ ಎರಡೂ ಪೆನ್ನುಗಳು, ವೈದ್ಯರು ಸಹಿ ಮಾಡಿದ ಒಂದು ಪುಟದ ಸೂಚನೆಯೊಂದಿಗೆ, ತರಗತಿಯ ಗೋಡೆಯಲ್ಲಿ ತೂಗುಹಾಕಿದ ಕೆಂಪು ಚೀಲದಲ್ಲಿವೆ. ಎರಡನ್ನೂ ಒಂದೇ ಕಡೆ ಇಡಬೇಕೆಂಬುದನ್ನು ಒಪ್ಪಿಸಲು ಇನ್ನೊಂದು ತಿಂಗಳು ಹಿಡಿಯಿತು.

ಪೆನ್ ಎಲ್ಲ ಕಡೆಯೂ ಸಿಗುವುದಿಲ್ಲ, ಸಿಕ್ಕರೂ ಎಲ್ಲರ ಕೈಗೆಟುಕುವುದಿಲ್ಲ. ಅಂಥಲ್ಲಿ ಕೆಲವು ವೈದ್ಯರು 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲು ಮತ್ತು ಸಿರಿಂಜನ್ನು ಕೊಟ್ಟು, ಎಲ್ಲಿಯವರೆಗೆ ಎಳೆಯಬೇಕೆಂದು ಗೆರೆ ಹಾಕಿ, ಎದುರು ಕೂರಿಸಿಕೊಂಡು ಕಲಿಸುತ್ತಾರೆ. ಲೆಕ್ಕ ಮಗುವಿನ ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ಮಕ್ಕಳಿಗೆ ಸಾಮಾನ್ಯವಾಗಿ 0.3ರ ಮಿತಿಯೊಳಗೆ; ಒಂದು ಸೊನ್ನೆ ಆಚೀಚೆಯಾದರೆ ಡೋಸ್ ಹತ್ತು ಪಟ್ಟು ಹೆಚ್ಚು, ಇಲ್ಲವೇ ಹತ್ತರಲ್ಲೊಂದು ಪಾಲು. ಹಾಗಾಗಿ ಆ ಗೆರೆಯನ್ನು ವೈದ್ಯರೇ ಹಾಕಬೇಕು, ನಾವು ಓದಿಕೊಂಡು ಹಾಕುವಂಥದ್ದಲ್ಲ. ಸೂಜಿಯೇ ಇಲ್ಲದೆ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್ನಿಗೂ ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ, 30 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕವಿರುವವರಿಗೆ, ಮರುವರ್ಷ ಇನ್ನೂ ಚಿಕ್ಕ ಮಕ್ಕಳಿಗೆ, ಒಪ್ಪಿಗೆ ಸಿಕ್ಕಿದೆ. ಮಗಳು ಆ ಸುದ್ದಿ ಕೇಳಿ ಕುಣಿದಾಡಿದಳು.

ಸದ್ಯಕ್ಕೆ ಅವಳ ಚೀಲದಲ್ಲಿರುವುದು 0.15 ಮಿಲಿಗ್ರಾಮಿನ ಜೋಡಿ. ಹೊದಿಕೆಯ ಮೇಲೆ 15ರಿಂದ 30 ಕಿಲೋ ಎಂದಿದ್ದರೂ, 25 ದಾಟಿದೊಡನೆ 0.3ಕ್ಕೆ ಬದಲಿಸುವ ವೈದ್ಯರು ಅನೇಕರಿದ್ದಾರೆ, ನಮ್ಮವರೂ ಅವರಲ್ಲೊಬ್ಬರು. ಹೋದ ಭಾನುವಾರ ತೂಕದ ಯಂತ್ರದ ಮೇಲೆ ನಿಂತಾಗ 24.6 ತೋರಿಸಿತು. ಮುಂದಿನ ವಾರಕ್ಕೆ ವೈದ್ಯರ ಬಳಿ ಸಮಯ ಕೇಳಿದ್ದೇವೆ.